ಪೇಂಟರ್ ಮನೆಯ ಪಡುವಣ ಗೋಡೆ

ಪೇಂಟರ್ ಕೈಯಲ್ಲಿದ್ದ ಚಹಾದ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತುಬಿಟ್ಟಿತು.

“ಏನಂದೆ? ಇನ್ನೊಂದ್ಸಲ ಹೇಳು.”

“ಬಳ್ಳಿ ರೀ, ಬಳ್ಳಿ. ನಮ್ಮ ಪಡುವಣ ಗೋಡೆಗೆ ಒಂದು ಒಳ್ಳೇ ಬಳ್ಳಿ ಹಬ್ಬಿಸೋಣ ಅಂದೆ,” ಎಂದಳು ಅವನ ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ.

ಅವಳಿಗೆ ಆ ಹೊತ್ತಿನಲ್ಲಿ ಸೂಜಿಯೂ ಬೇಕಿರಲಿಲ್ಲ, ದಾರವೂ ಬೇಕಿರಲಿಲ್ಲ. ಗಂಡನ ಮುಖ ನೋಡುವ ಧೈರ್ಯ ಇರಲಿಲ್ಲ, ಅಷ್ಟೇ. ನೀವೇ ಹೇಳಿ, ಜೀವಮಾನವೆಲ್ಲ ಗೋಡೆಗೆ ಬಣ್ಣ ಹಚ್ಚಿಯೇ ಬದುಕಿದ ಮನುಷ್ಯನ ಎದುರು ಕೂತು, ನೀನು ಬಣ್ಣ ಹಚ್ಚಿದ ಗೋಡೆಯನ್ನು ಎಲೆಯಿಂದ ಮುಚ್ಚಿಬಿಡೋಣ ಎಂದರೆ ಅವನಿಗೆ ಹೇಗಾಗಬೇಡ? ಬೇರೆ ಯಾರಾದರೂ ಅಂದಿದ್ದರೆ ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಹೋಗುತ್ತಿದ್ದ. ಹೆಂಡತಿಯಾದ್ದರಿಂದ ಲೋಟ ಕೆಳಗಿಟ್ಟು, “ಹುಷಾರಾಗಿದ್ದೀಯ ತಾನೆ?” ಎಂದು ಮಾತ್ರ ಕೇಳಿದ.

ಬೀದಿಯವರೆಲ್ಲ ಅವಳನ್ನು ಕರೆಯುವುದು ಹೊಲಿಗೆಯಕ್ಕ ಎಂದು. ಹೊಸ ಬಟ್ಟೆ ಹೊಲಿಯುವವಳಲ್ಲ. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಚ್ಚುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಕೂರಿಸುವುದು, ಇದು ಅವಳ ಕೆಲಸ. ಜನ ದಪ್ಪಗಾದರೂ ಅವಳ ಹತ್ತಿರ ಬರಬೇಕು, ಸಣ್ಣಗಾದರೂ ಬರಬೇಕು. ಯಾರ ಮನೆಯಲ್ಲಿ ಯಾರು ಸೊರಗುತ್ತಿದ್ದಾರೆ ಎಂಬುದು ಡಾಕ್ಟರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ತಿಳಿದರೂ ಬಾಯಿಗೆ ಬೀಗ. ಸೊಂಟದ ಸುತ್ತಳತೆ ಬೀದಿಯಲ್ಲಿ ಆಡಿಕೊಳ್ಳುವ ವಿಷಯವಲ್ಲ ಎಂದು ಅವಳ ಲೆಕ್ಕ.

ಇನ್ನು ಪೇಂಟರಿಗೂ ಬಳ್ಳಿಗೂ ಹಾವು ಮುಂಗುಸಿ ಸಂಬಂಧ. ಹಳೇ ಮನೆಗೆ ಬಣ್ಣ ಹಚ್ಚಲು ಒಪ್ಪಿಕೊಂಡನೆಂದರೆ ಮೊದಲ ಕೆಲಸ ಗೋಡೆ ಹಿಡಿದ ಬಳ್ಳಿ ಕೀಳುವುದು, ಕಿತ್ತದ್ದನ್ನು ಕೆರೆಯುವುದು. ಯಾವುದು ಹೆಂಚಿನ ಕೆಳಗೆ ಕೈ ತೂರಿಸಿ ಎತ್ತುತ್ತದೆ, ಯಾವುದು ನೀರಿನ ಪೈಪನ್ನು ತಬ್ಬಿಕೊಂಡು ಬಗ್ಗಿಸುತ್ತದೆ, ಯಾವುದರ ಮುಳ್ಳು ಹೊಕ್ಕರೆ ಕೈ ಊದಿಕೊಳ್ಳುತ್ತದೆ, ಎಲ್ಲ ಅವನ ಉಗುರಿಗೇ ಗೊತ್ತು. ಹಾಗಾಗಿ ಬಳ್ಳಿಯ ಆಸೆ ಇದ್ದವರೂ ಮೊದಲು ಅವನನ್ನೇ ಬಂದು ಕೇಳುವರು.

“ಯಾವ ಬಳ್ಳಿ ಹಾಕಿದ್ರೆ ಗೋಡೆ ಉಳಿಯುತ್ತೆ ಅಣ್ಣಾ?”

“ಹಾಕದೇ ಇದ್ರೆ ಉಳಿಯುತ್ತೆ.”

ಅಲ್ಲಿಗೆ ಸಲಹೆ ಮುಗಿಯಿತು.

ಆ ಪಡುವಣ ಗೋಡೆಯ ವಿಷಯ ಹೇಳಬೇಕು. ಮೊದಲು ಅಂಥದ್ದೊಂದು ಗೋಡೆ ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಎರಡಂತಸ್ತಿನ ಮನೆ ಅದಕ್ಕೆ ಮೈ ಆನಿಸಿಕೊಂಡೇ ನಿಂತಿತ್ತು. ಆ ಮನೆ ಕೆಡವಿ ಜಾಗ ಬಯಲಾದ ದಿನ, ಪೇಂಟರ್ ಮನೆಯ ಆ ಬದಿ ಮೊಟ್ಟಮೊದಲ ಬಾರಿಗೆ ಹೊರಗೆ ಬಂತು. ಗಾರೆ ಕಾಣದ ಇಟ್ಟಿಗೆ, ಹಲ್ಲು ಕಿರಿದ ಸಂದುಗಳು. ಬಟ್ಟೆಯಿಲ್ಲದೆ ನಡುಬೀದಿಯಲ್ಲಿ ಸಿಕ್ಕಿಬಿದ್ದವರ ಹಾಗೆ ನಿಂತಿತ್ತು ಪಾಪ. ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ನೇರ ಬಿಸಿಲು. ಬಯಲಿನ ಗಾಳಿ. ಮಳೆ ಬಂದರೆ ಓರೆಯಾಗಿ ಬಂದು ಅದಕ್ಕೇ ಬಡಿಯಬೇಕು. ಪೇಂಟರನ ಹಳೇ ಜೊತೆಗಾರ ಗಾರೆ ಕೆಲಸದವನು ಬಂದು ಗಟ್ಟಿಯಾಗಿ ಗಾರೆ ಮಾಡಿಕೊಟ್ಟ. ಪೇಂಟರ್ ಅದರ ಮೇಲೆ ಪುಟ್ಟಿ ಎಳೆದು, ಉಜ್ಜಿ, ಪ್ರೈಮರ್ ಹೊಡೆದು, ಕೆನೆಯಂಥ ತಿಳಿಬಣ್ಣ ಹಚ್ಚಿದ. ಹಚ್ಚಿ, ರಸ್ತೆಯ ಆಚೆ ಬದಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನೋಡಿದ. ಅವತ್ತು ಅವನ ಸಂಭ್ರಮ ನೋಡಬೇಕಿತ್ತು ನೀವು.

ಬೇಸಗೆ ಕಳೆಯುವಷ್ಟರಲ್ಲಿ ಬಣ್ಣ ಬಿಳಿಚಿಕೊಂಡಿತು. ಮಳೆ ನಿಲ್ಲುವಷ್ಟರಲ್ಲಿ ಅಲ್ಲಲ್ಲಿ ಸಿಪ್ಪೆ ಎದ್ದಿತು. “ಪೇಂಟರ್ ಮನೆ ಗೋಡೆನೇ ಹೀಗಿದ್ರೆ ನನ್ನ ಯಾರು ಕರೀತಾರೆ?” ಎಂದು ಅವನು ಏಣಿ ಹಾಕಿ ಹತ್ತಿದ. ಅಲ್ಲಿಂದ ಶುರುವಾಯಿತು ನೋಡಿ. ಗೋಡೆ ಸಿಪ್ಪೆ ಬಿಡುವುದು, ಇವನು ಹತ್ತುವುದು. ಒಂದು ಮೂಲೆ ಸರಿಹೋದರೆ ಇನ್ನೊಂದು ಮೂಲೆ ಮುನಿಸಿಕೊಳ್ಳುವುದು. ಮೊದಮೊದಲು ಹೊಲಿಗೆಯಕ್ಕನಿಗೆ ಇದು ತಮಾಷೆಯಾಗಿಯೇ ಇತ್ತು. “ಮದುವೆಯಾಗಿ ಇಷ್ಟು ವರ್ಷ ನನ್ನ ಮುಖಾನ ಹೀಗೆ ಒಂದು ಸಲವಾದ್ರೂ ನೋಡಿದ್ರಾ?” ಎಂದು ಅಣಕಿಸುತ್ತಿದ್ದಳು.

ತಮಾಷೆ ಹೋದದ್ದು ಬಟ್ಟೆ ಒಗೆಯುವಾಗ. ಗಂಡನ ಕೆಲಸದ ಅಂಗಿಗಳ ಮೇಲೆ ಬಣ್ಣದ ಹನಿ ಯಾವಾಗಲೂ ಭುಜದ ಮೇಲೆ, ಕಾಲರಿನ ಮೇಲೆ ಇರುತ್ತಿತ್ತು. ಎತ್ತರದ ಕೆಲಸ ಮಾಡುವವನ ಮೇಲೆ ಬಣ್ಣ ಮೇಲಿನಿಂದಲೇ ಬೀಳಬೇಕಲ್ಲ. ಈಗ ಭುಜಗಳೆಲ್ಲ ಸ್ವಚ್ಛ. ಬಣ್ಣವೆಲ್ಲ ಪ್ಯಾಂಟಿನ ಮೊಣಕಾಲಲ್ಲಿ, ಕೆಳಗಿನ ಮಡಿಕೆಯಲ್ಲಿ. ಬಟ್ಟೆ ಓದುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಾರೆಯವನು ಜಾಕೆಟ್ಟಿನ ಜಿಪ್ಪು ಹಾಕಿಸಲು ಬಂದಾಗ ನೇರವಾಗಿ ಕೇಳಿದಳು.

“ಅತ್ತಿಗೆ, ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡಿ,” ಎಂದು ಅವನು ಬಾಗಿಲ ಕಡೆ ನೋಡಿಕೊಂಡು ಶುರುಮಾಡಿದ. ಎತ್ತರದ ಮನೆಯೊಂದರಲ್ಲಿ, ಮೇಲೆ ಕಟ್ಟಿದ ಹಲಗೆಯ ಮೇಲೆ ನಿಂತಿದ್ದ ಪೇಂಟರ್ ಇದ್ದಕ್ಕಿದ್ದಂತೆ ಕೂತುಬಿಟ್ಟನಂತೆ. ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿ, ಭೂಮಿ ತಿರುಗ್ತಿದೆ ಕಣೋ, ಭೂಮಿ ತಿರುಗ್ತಿದೆ ಎಂದನಂತೆ. ಇಳಿಸುವಷ್ಟರಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತಂತೆ. ಕಿವಿಯ ಒಳಗೆ ಏನೋ ತೊಂದರೆ, ಯಾವಾಗ ಬೇಕಾದರೂ ಹೀಗೆ ಬರಬಹುದು, ಇನ್ನು ಮೇಲೆ ಹತ್ತುವ ಮಾತೇ ಇಲ್ಲ ಎಂದರಂತೆ ಡಾಕ್ಟರು. ಇವನೂ ಹತ್ತಲ್ಲ ಎಂದು ಅವರಿಗೆ ಮಾತು ಕೊಟ್ಟನಂತೆ. “ಈಗ ಬಾಗಿಲು, ಕಿಟಕಿ, ಗೇಟು ಇಷ್ಟನ್ನೇ ಒಪ್ಕೊಳ್ತಾನೆ. ಮನೇಲಿ ಗೊತ್ತಾದ್ರೆ ನಮ್ಮ ಸ್ನೇಹ ಮುಗೀತು ಅಂದಿದ್ದಾನೆ ಅತ್ತಿಗೆ.”

ಪರರ ಗೋಡೆಗಳನ್ನೆಲ್ಲ ಬಿಟ್ಟವನು ತನ್ನ ಗೋಡೆಯನ್ನು ಬಿಟ್ಟಿರಲಿಲ್ಲ. ಹಿಂದಿನ ವಾರವಷ್ಟೇ ಏಣಿಯ ತುತ್ತತುದಿಯಲ್ಲಿ ನಿಂತು ಹಾಡು ಗುನುಗುತ್ತಿದ್ದ. ಇವಳು ಕೆಳಗಿನಿಂದ, “ಮಧ್ಯದಲ್ಲಿ ಒಂದು ಕಡೆ ಬಿಟ್ಟುಹೋಗಿದೆ ನೋಡಿ,” ಎಂದು ತೋರಿಸಿಯೂ ಇದ್ದಳು!

ಹೊಲಿಗೆಯಕ್ಕ ಮಗಳಿಗೆ ಫೋನ್ ಮಾಡಿದಳು. “ಅಮ್ಮ, ಇದರಲ್ಲಿ ಯೋಚನೆ ಮಾಡೋದೇನಿದೆ? ಅಪ್ಪನಿಗೆ ನೇರವಾಗಿ ಹೇಳಿಬಿಡು,” ಎಂದಳು ಮಗಳು.

“ಹೇಳೋದೇನು ಕಷ್ಟವೇ? ಹೇಳಿದ ಮೇಲೆ ಆ ಮುಖ ನೋಡಬೇಕಲ್ಲ, ಅದು ನಿನಗೆ ಗೊತ್ತಾಗಲ್ಲ. ಈಗೆಲ್ಲ ಬಾಗಿಲಿನ ಕೆಲಸದಲ್ಲೇ ನಿಜವಾದ ಕಲೆ ಇರೋದು ಅಂತ ನಿನ್ನೆ ನನಗೇ ಪಾಠ ಮಾಡಿದ್ರು ಕಣೇ. ನಾನು ಹೌದು ಹೌದು ಅಂದೆ.”

ಹೀಗೆ ಹುಟ್ಟಿದ್ದು ಬಳ್ಳಿಯ ಉಪಾಯ. ಗೋಡೆಯೇ ಕಾಣದಿದ್ದರೆ ಬಣ್ಣ ಯಾಕೆ? ಬಣ್ಣ ಬೇಡವಾದರೆ ಏಣಿ ಯಾಕೆ? ತನ್ನ ಬುದ್ಧಿಗೆ ತಾನೇ ತಲೆದೂಗಿದಳು. ನಿಜವಾದ ಕಾರಣ ಹೊಟ್ಟೆಯಲ್ಲಿಟ್ಟುಕೊಂಡು ಬೇರೆ ಕಾರಣ ಮುಂದೆ ಮಾಡಿದಳು: ಹೊಲಿಗೆ ಮೆಷಿನ್ ಇರುವುದು ಆ ಗೋಡೆಯ ಒಳಮೈಗೇ, ಮಧ್ಯಾಹ್ನವಾದರೆ ಒಲೆಯ ಪಕ್ಕ ಕೂತ ಹಾಗಾಗುತ್ತದೆ, ಎಲೆಗಳಿದ್ದರೆ ತಂಪು.

“ಫ್ಯಾನ್ ಹಾಕ್ಕೋ.”

“ಫ್ಯಾನು ಬಿಸಿಗಾಳೀನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಹೊಡೆಯುತ್ತೆ.”

“ನೋಡೋಣ,” ಎಂದ ಪೇಂಟರ್. ಆ ಮನೆಯಲ್ಲಿ ನೋಡೋಣ ಎಂದರೆ ಆಗಲ್ಲ ಎಂದರ್ಥ. ಆದರೆ ಅವಳೇನು ಕಡಿಮೆಯವಳೇ?

ಬಸ್ ನಿಲ್ದಾಣದ ಹಿಂದಿನ ನರ್ಸರಿಗೆ ಹೋದಳು. ನರ್ಸರಿಯವಳು ಗಿಡ ತೋರಿಸುವ ಮೊದಲು ಗೋಡೆಯ ಜಾತಕವನ್ನೇ ಕೇಳಿದಳು. ಯಾವ ದಿಕ್ಕಿಗಿದೆ ಅಕ್ಕಾ, ಬಿಸಿಲು ಎಷ್ಟು ಹೊತ್ತು, ಗಾಳಿ ಹೇಗೆ, ಬುಡದಲ್ಲಿ ಮಣ್ಣಿದೆಯೋ ಬರೀ ಸಿಮೆಂಟೋ? ಹೊಲಿಗೆಯಕ್ಕನಿಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಇಷ್ಟು ವರ್ಷ ಒರಗಿಕೊಂಡು ಕೂತ ಗೋಡೆಯ ಬಗ್ಗೆ ತನಗಿಷ್ಟು ಕಡಿಮೆ ಗೊತ್ತಲ್ಲ ಎಂದು ನಾಚಿಕೆಯಾಗಿ, ಕಣ್ಣಿಗೆ ಚೆಂದ ಕಂಡ ಮಲ್ಲಿಗೆ ಬಳ್ಳಿಯನ್ನೇ ಹೊತ್ತು ತಂದಳು.

“ಮಲ್ಲಿಗೆ!” ಎಂದ ಪೇಂಟರ್, ಯಾರೋ ಮಗುವನ್ನು ರಸ್ತೆ ಮಧ್ಯೆ ಬಿಟ್ಟ ಹಾಗೆ. “ಆ ಗೋಡೆ ಮಧ್ಯಾಹ್ನ ಮುಟ್ಟಿ ನೋಡಿದ್ದೀಯಾ? ಸುಟ್ಟು ಕರಕಲಾಗುತ್ತೆ ಪಾಪ. ಬೆಳಗಿನ ಬಿಸಿಲು ಬೀಳೋ ಕಡೆ ಇಡು.” ಮಲ್ಲಿಗೆ ಮುಂಬಾಗಿಲ ಪಕ್ಕಕ್ಕೆ ಹೋಯಿತು.

ಆಮೇಲೆ ರಂಗೂನ್ ಮಲ್ಲಿಗೆ ತಂದಳು. ಅದು ಕಂಬವೋ ಕಂಬಿಯೋ ಸಿಕ್ಕಿದರೆ ಸುತ್ತಿಕೊಂಡು ಹೋಗುವಂಥದ್ದು, ನುಣ್ಣನೆ ಗೋಡೆಯ ಮೇಲೆ ಯಾರ ಕೈ ಹಿಡಿಯುತ್ತೆ, ಮೊದಲ ಗಾಳಿಗೇ ಬಯಲಲ್ಲಿ ಬಿದ್ದಿರುತ್ತೆ ಎಂದ. ಅದು ಗೇಟಿಗೆ ಹೋಯಿತು. ದೊಡ್ಡೆಲೆಯ ಮನಿಪ್ಲಾಂಟ್ ತಂದರೆ, “ನೆರಳಲ್ಲಿ ಬೆಳೆಯೋದನ್ನ ಬಿಸಿಲಿಗೆ ಹಾಕಿ ಸಾಯಿಸ್ತೀಯಾ?” ಎಂದು ಬೈದು, ತಾನೇ ಬಚ್ಚಲ ಕಿಟಕಿಯ ಹತ್ತಿರ ಇಟ್ಟ. ಮನೆಯೆಲ್ಲ ಬೇಡವಾದ ಬಳ್ಳಿಗಳ ಅನಾಥಾಲಯವಾಯಿತು. ಗೋಡೆ ಮಾತ್ರ ಬೋಳು.

ಆದರೆ ಒಂದು ವಿಚಿತ್ರ ನಡೆಯುತ್ತಿತ್ತು. ಕೊಂಕು ತೆಗೆಯಲೆಂದಾದರೂ ಪೇಂಟರ್ ದಿನಾ ಆ ಗೋಡೆಯ ಬಳಿ ಹೋಗತೊಡಗಿದ್ದ. ಮಧ್ಯಾಹ್ನ ಅಂಗೈಯಿಟ್ಟು ಕಾವು ನೋಡುವನು. ಬುಡದ ಮಣ್ಣು ಕೆದಕಿ, ಪಕ್ಕದ ಮನೆ ಕೆಡವಿದ ಇಟ್ಟಿಗೆ ಚೂರುಗಳನ್ನು ಆರಿಸಿ ಎಸೆಯುವನು. ಊಟಕ್ಕೆ ಕೂತಾಗ ತಾನಾಗಿಯೇ, “ನೀರು ಕಡಿಮೆ ಕೇಳೋದು ಆಗಬೇಕು ಅಲ್ಲಿಗೆ,” ಎನ್ನುವನು. ಹೊಲಿಗೆಯಕ್ಕ ಕೇಳಿಸದವಳ ಹಾಗೆ ಇನ್ನಷ್ಟು ಅನ್ನ ಬಡಿಸುವಳು. ಇಬ್ಬರೂ ಸೇರಿ ಒಂದು ವಿಷಯಕ್ಕೆ ಇಷ್ಟು ಹೊತ್ತು ಜಗಳವಾಡಿ ಎಷ್ಟು ವರ್ಷವಾಗಿತ್ತೋ. ಅವಳಿಗೆ ಅದು ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಕೊನೆಗೆ ಕಾಗದದ ಹೂವಿನ ಬಳ್ಳಿ ತಂದಳು. ಬಿಸಿಲೆಂದರೆ ಪ್ರಾಣ, ನೀರು ಹೆಚ್ಚು ಬೇಡ, ಇಟ್ಟಿಗೆ ಚೂರಿನ ಮಣ್ಣಾದರೂ ನಡೆಯುತ್ತದೆ. ಬಯ್ಗುಳಕ್ಕೆ ಸಿದ್ಧವಾಗಿ ನಿಂತಳು. ಪೇಂಟರ್ ಕುಂಡದ ಸುತ್ತ ಒಂದು ಸುತ್ತು ಹಾಕಿ, ಕೊಂಬೆ ಬಗ್ಗಿಸಿ ನೋಡಿ, “ಆಗಬಹುದು,” ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದು ಕಂಡು ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಖುಷಿಯಲ್ಲಿ ಯಾರದೋ ಪ್ಯಾಂಟನ್ನು ಗೆರೆಗಿಂತ ಮೇಲೆ ಕತ್ತರಿಸಿಬಿಟ್ಟು ಆಮೇಲೆ ತೇಪೆ ಹಾಕಿದಳು.

ಮರುದಿನ ಮೆಷಿನ್ ಮುಂದೆ ಕೂತಿದ್ದವಳ ತಲೆಯ ಮೇಲೆ, ಗೋಡೆಯ ಆಚೆಯಿಂದ, ಠಣ್ ಠಣ್ ಎಂದು ಸುತ್ತಿಗೆಯ ಸದ್ದು. ಹೊರಗೋಡಿ ಬಂದು ನೋಡುತ್ತಾಳೆ, ಏಣಿಯ ತುದಿಯಲ್ಲಿ ಪೇಂಟರ್! ಬಾಯಲ್ಲಿ ಕೊಕ್ಕೆಗಳು, ಭುಜದ ಮೇಲೆ ತಂತಿಯ ಸುರುಳಿ.

“ಇದೇನ್ರೀ ಇದು!”

“ಕಾಗದದ ಹೂ ತಾನಾಗೇ ಗೋಡೆ ಹತ್ತಲ್ಲ ಕಣೇ,” ಎಂದ, ಕೊಕ್ಕೆ ಬಾಯಿಂದ ತೆಗೆದು, ಮುಖವೆಲ್ಲ ನಗು. “ಕೊಕ್ಕೆ ಹೊಡೀಬೇಕು, ತಂತಿ ಎಳೀಬೇಕು, ಬೆಳೆದ ಹಾಗೆ ಕಟ್ಟುತ್ತಾ ಹೋಗಬೇಕು. ಆಮೇಲೆ ವರ್ಷಾ ವರ್ಷಾ ಕತ್ತರಿಸಬೇಕು. ಕೆಲಸ ಇದೆ ಇದರಲ್ಲಿ!”

ಹೊಲಿಗೆಯಕ್ಕ ಬೆಪ್ಪಾಗಿ ನಿಂತಳು. ಗಂಡನನ್ನು ಏಣಿಯಿಂದ ಇಳಿಸಲು ಊರೆಲ್ಲ ಅಲೆದು, ಏಣಿ ಬಿಡಲಾಗದಂಥ ಬಳ್ಳಿಯನ್ನೇ ತಾನು ಹೊತ್ತು ತಂದಿದ್ದಳು. ಓಡಿಹೋಗಿ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಮೇಲೆ ಸುತ್ತಿಗೆ ಇನ್ನೆರಡು ಬಾರಿ ಬಡಿಯಿತು. ಆಮೇಲೆ ನಿಂತಿತು.

“ರೀ?”

ಏಣಿ ಅವಳ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ತಲೆ ಎತ್ತಿದರೆ, ಪೇಂಟರ್ ಏಣಿಯನ್ನು ತಬ್ಬಿಕೊಂಡು ಕೆನ್ನೆಯನ್ನು ಗೋಡೆಗೆ ಒತ್ತಿದ್ದ. ಸುತ್ತಿಗೆ ಅವಳ ಪಕ್ಕದಲ್ಲೇ ಬಿತ್ತು.

ಆಮೇಲೆ ಅದನ್ನು ಹೇಗೆ ಮಾಡಿದಳೋ ಅವಳಿಗೇ ಗೊತ್ತಿಲ್ಲ. ತಾನೂ ಅವನ ಕಾಲು ಸಿಗುವಷ್ಟು ಮೆಟ್ಟಿಲು ಹತ್ತಿ, ಅವನ ಪಾದವನ್ನು ಕೈಯಲ್ಲಿ ಹಿಡಿದು, “ಕಣ್ಣು ಬಿಡಬೇಡಿ. ಈ ಕಾಲು ಕೆಳಗೆ ಇಡಿ. ಹಾಂ, ಸಿಕ್ತು. ಈಗ ಆ ಕಾಲು. ನಾನಿದ್ದೀನಿ, ಇಲ್ಲೇ ಇದ್ದೀನಿ,” ಎನ್ನುತ್ತ ಒಂದೊಂದೇ ಮೆಟ್ಟಿಲಿನ ಮೇಲೆ ಅವನ ಪಾದ ತಂದಿಟ್ಟಳು. ಮಗಳು ನಡೆಯಲು ಕಲಿತಾಗಲೂ ಇಷ್ಟು ಮೆಲ್ಲಗೆ ಮಾತಾಡಿರಲಿಲ್ಲ. ನೆಲ ಮುಟ್ಟಿದ ಮೇಲೆ ಅವನು ಗೋಡೆಯ ಬುಡದಲ್ಲಿ ಕುಸಿದು ಕೂತ. ಮುಖದಲ್ಲಿ ರಕ್ತವೇ ಇರಲಿಲ್ಲ.

ಅವನು ಕ್ಷೇಮ ಎಂದು ಗೊತ್ತಾದ ಮರುಗಳಿಗೆಯೇ ಅವಳಿಗೆ ಸಿಟ್ಟು ನೆತ್ತಿಗೇರಿತು. “ಕಿವಿಯೊಳಗೆ ತೊಂದರೆ ಇದೆ, ಹತ್ತಬೇಡ ಅಂತ ಡಾಕ್ಟರು ಬಡಕೊಂಡ್ರೂ ಹತ್ತುತೀರಲ್ಲ, ನಿಮಗೆ ಬುದ್ಧಿ ಬೇಡ್ವಾ?”

ಬಾಯಿಂದ ಬಿದ್ದದ್ದು ಬಿತ್ತು. ಪೇಂಟರ್ ನಿಧಾನವಾಗಿ ಕಣ್ಣು ಬಿಟ್ಟ.

“ನಿನಗೆ ಯಾವಾಗಿಂದ ಗೊತ್ತು?”

“ಬಳ್ಳಿ ಬೇಕು ಅಂತ ಕೇಳಿದ್ನಲ್ಲ, ಅದಕ್ಕೂ ಮುಂಚೆಯಿಂದ.”

“ಹಾಗಾದ್ರೆ ಸೆಕೆ, ಒಲೆ, ಬಿಸಿಗಾಳಿ…”

“ಸೆಕೆನೂ ನಿಜ!” ಎಂದು ಅಳುತ್ತಲೇ ಕಿರುಚಿದಳು. “ನೀವು ಬಿದ್ದುಬಿಟ್ರೆ ನಾನೇನು ಮಾಡ್ಲಿ? ಈ ಗೋಡೆ ಎಷ್ಟು ಚೆನ್ನಾಗಿದೆ ಅಂತ ನೋಡ್ಕೊಂಡು ಕೂತಿರ್ಲಾ? ನನಗೆ ಗೋಡೆ ಬೇಡ, ನೀವು ಬೇಕು.”

ಅಷ್ಟು ವರ್ಷದ ಸಂಸಾರದಲ್ಲಿ ಅಂಥ ಮಾತು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಪೇಂಟರ್ ತಲೆ ತಗ್ಗಿಸಿದ. “ಆಯ್ತು ಬಿಡು. ಇನ್ನು ಹತ್ತಲ್ಲ. ಮಾತು ಕೊಟ್ಟೆ.”

“ಡಾಕ್ಟರಿಗೂ ಹೀಗೇ ಮಾತು ಕೊಟ್ಟಿದ್ರಂತಲ್ಲ,” ಎಂದುಬಿಟ್ಟಳು.

ಅನ್ನಬಾರದಿತ್ತು. ಅವನು ತಲೆ ಸುತ್ತು ನಿಲ್ಲುವ ತನಕ ಕೂತಿದ್ದು, ಎದ್ದು, ಅಂಗಿಯ ಮಣ್ಣು ಕೊಡವಿ, ಗೇಟು ತೆಗೆದು ಹೋದ. ಹೊಲಿಗೆಯಕ್ಕ ಒಳಗೆ ಬಂದು ಮೆಷಿನ್ ಮುಂದೆ ಕೂತಳು. ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಮನುಷ್ಯನನ್ನು ಏಣಿಯಿಂದ ಜೋಪಾನವಾಗಿ ಇಳಿಸಿ, ಒಂದೇ ಮಾತಿನಲ್ಲಿ ಕೆಡವಿದೆನಲ್ಲ ಎಂದು ಹಣೆ ಚಚ್ಚಿಕೊಂಡಳು. ಗಾರೆಯವನಿಗೆ ಫೋನ್ ಮಾಡಿದರೆ ಇಲ್ಲಿಗೆ ಬಂದಿಲ್ಲ ಅತ್ತಿಗೆ ಎಂದ.

ಗೋಡೆಯ ಮೇಲೆ ಬಿಸಿಲು ಇನ್ನೂ ಇರುವಾಗಲೇ ಗೇಟಿನ ಸದ್ದಾಯಿತು. ಪೇಂಟರ್ ಮನೆಯೊಳಗೆ ಬರದೆ ನೇರ ಗೋಡೆಯ ಬುಡಕ್ಕೆ ಹೋಗಿ ಮಂಡಿಯೂರಿದ. ಕೈಯಲ್ಲಿ ಒದ್ದೆ ಗೋಣಿಚೂರಿನ ಕಟ್ಟು. ಬಿಚ್ಚಿದರೆ, ಬೇರು ಬಿಟ್ಟ ಸಣ್ಣ ಸಣ್ಣ ಕಡ್ಡಿಗಳು, ಉಗುರಿನಷ್ಟಗಲದ ಎಲೆಗಳು.

“ಏನ್ರೀ ಅದು?”

“ಬಳ್ಳಿ. ಪುಸ್ತಕದ ಹೆಸರು ಗೊತ್ತಿಲ್ಲ. ನಾವು ಕೆಲಸದವರು ಇದನ್ನ ಉಡ ಅಂತೀವಿ. ಹಳೇ ಗೋದಾಮಿನ ಗೋಡೆಯಿಂದ ಕೇಳಿ ತಂದೆ.” ಮಣ್ಣು ಕೆದಕುತ್ತ ಅವಳ ಕಡೆ ನೋಡದೆ ಹೇಳಿದ. “ಇದಕ್ಕೆ ಕೊಕ್ಕೆ ಬೇಡ, ತಂತಿ ಬೇಡ. ಗೋಡೆ ತೋರಿಸಿದ್ರೆ ಸಾಕು, ತಾನೇ ಹಿಡ್ಕೊಂಡು ಹೋಗುತ್ತೆ. ಎಂಥಾ ಗಾಳಿ ಬಂದ್ರೂ ಅಲುಗಲ್ಲ. ಮೊದಲ ಬೇಸಗೇಲಿ ನೀರು ಕೊಟ್ಟು ಕಾಪಾಡಿದ್ರೆ ಆಮೇಲೆ ಬಿಸಿಲಿಗೂ ಜಗ್ಗಲ್ಲ. ಗಾರೇಲಿ ಬಿರುಕಿರಬಾರದು ಅಷ್ಟೇ, ನಮ್ಮದರಲ್ಲಿ ಇಲ್ಲ. ತುದಿ ತಾರಸಿಗೆ ಬಂದಾಗ ಅಲ್ಲೇ ನಿಂತು ನೀನು ಕತ್ತರಿಸು. ಕತ್ತರಿ ನಿನ್ನ ಕೈಲಿ ತಾನೆ ಇರೋದು.”

“ಇಷ್ಟು ಒಳ್ಳೇದು ಗೊತ್ತಿದ್ದೂ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?”

ಪೇಂಟರ್ ಒಂದು ಕಡ್ಡಿ ನೆಟ್ಟು ಸುತ್ತ ಮಣ್ಣು ಒತ್ತಿದ.

“ಇದು ಹತ್ತಿದ ಗೋಡೆಗೆ ಮತ್ತೆ ಬಣ್ಣ ಹಚ್ಚೋಕಾಗಲ್ಲ ಕಣೇ. ಎಲೆ ಕಿತ್ತರೂ ಕಾಲು ಗೋಡೆಯಲ್ಲೇ ಉಳಿದಿರುತ್ತೆ. ನಾನು ಕೆರೆದೂ ಕೆರೆದೂ ಸೋತಿದ್ದೀನಿ. ಇದನ್ನ ಹಾಕಿದ್ರೆ ಈ ಗೋಡೆ ಪೇಂಟರ್ ಕೈ ತಪ್ಪಿತು ಅಂತಲೇ.”

ಹೊಲಿಗೆಯಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಅವನ ಪಕ್ಕ ಕೂತು ಕೈ ಹಿಡಿದಳು. “ಬೇಡ ರೀ. ಕಿತ್ತುಬಿಡಿ. ನೀವು ಹತ್ತಲ್ಲ ಅಂದ್ರಲ್ಲ, ಅಷ್ಟು ಸಾಕು. ನಾನು ನಂಬ್ತೀನಿ. ಅವಾಗ ಸಿಟ್ಟಲ್ಲಿ ಏನೋ ಅಂದೆ.”

“ನೀನು ಅಂದದ್ದು ಸರಿಯಾಗೇ ಇತ್ತು. ಮಾತು ಕೊಡ್ತೀನಿ, ಮಳೆ ನಿಲ್ಲುತ್ತೆ, ಒಂದು ಕಡೆ ಸಿಪ್ಪೆ ಎದ್ದಿರೋದು ಕಾಣುತ್ತೆ, ನೀನು ಪೇಟೆಗೆ ಹೋಗಿರ್ತೀಯ. ನಾನು ಹತ್ತೇ ಹತ್ತುತೀನಿ. ನನ್ನ ನನಗೆ ಗೊತ್ತಿಲ್ವಾ?” “ನಾನಿಲ್ಲದ ಮೇಲೆ ನೀನು ಈ ಗೋಡೆ ನೋಡ್ಕೊಂಡು ಕೂರೋದು ಬೇಡ.”

ಅವಳಿಗೆ ಅಳು ತಡೆಯಲಾಗಲಿಲ್ಲ. ಪೇಂಟರ್ ಸಮಾಧಾನ ಮಾಡಲು ಬಾರದ ಮನುಷ್ಯ. ಉಳಿದ ಕಡ್ಡಿಗಳಲ್ಲಿ ಒಂದನ್ನು ಅವಳ ಕೈಗೆ ಕೊಟ್ಟು, “ಗೋಡೆಗೆ ತಾಗಿಸಿ ನೆಡಬೇಕು, ದೂರ ಇರಬಾರದು,” ಎಂದ.

ಅವಳು ನೆಟ್ಟಳು. ಚಿಗುರು ಗೋಡೆಗೆ ತಾಗಲೆಂದು ಹೆಬ್ಬೆರಳಿನಿಂದ ಒತ್ತಿ ಹಿಡಿದಾಗ ಕೆನೆಬಣ್ಣದ ಮೇಲೆ ಕೆಸರಿನ ದೊಡ್ಡ ಗುರುತು ಬಿತ್ತು. ಗಾಬರಿಯಾಗಿ ಒರೆಸಲು ಹೋದವಳ ಕೈಯನ್ನು ಪೇಂಟರ್ ಹಿಡಿದು ನಿಲ್ಲಿಸಿದ. “ಇರಲಿ ಬಿಡು,” ಎಂದು, ನೀರು ತರಲು ಒಳಗೆ ಹೋದ.